89 ಮತದ ಚುನಾವಣೆಯಲ್ಲಿ ನಮ್ಮ ಮನೆಯ ನಾಲ್ಕು ವೋಟು ಎಲ್ಲಿ ಹೋಯಿತು? ನಿಮ್ಮದು ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ

2016ರ ಮೇ 19, ಗುರುವಾರ. ಚಾವಡಿಯಲ್ಲಿ ಟಿವಿ ಮುಂದೆ ನಾವೆಲ್ಲ ಕೂತಿದ್ದೆವು. ಕೇರಳದ ಬೇರೆ ಕಡೆಯ ಫಲಿತಾಂಶ ಒಂದೊಂದೇ ಬರುತ್ತಿತ್ತು, ಕರ್ನಾಟಕದ ಗಡಿಗೆ ತಾಗಿದ ನಮ್ಮ ಮಂಜೇಶ್ವರದ್ದು ಮಾತ್ರ ಮೇಲೆ ಕೆಳಗೆ ಆಗುತ್ತಲೇ ಇತ್ತು. ಕೊನೆಗೆ ಬಂತು. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರಿಗೆ 56,870, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ವ್ಯತ್ಯಾಸ 89.

ಅಜ್ಜಿ ಕೇಳಿದರು, "ಎಂಬತ್ತೊಂಬತ್ತು ಸಾವಿರವಾ?"

"ಅಲ್ಲ ಅಜ್ಜಿ, ಬರೀ ಎಂಬತ್ತೊಂಬತ್ತು."

ಅಜ್ಜಿ ವೀಳ್ಯದ ತಟ್ಟೆ ಬದಿಗಿಟ್ಟು, "ಹಾಗಾದ್ರೆ ನಮ್ಮ ನಾಲ್ಕು ಎಲ್ಲಿಗೆ ಹೋಯ್ತು?" ಎಂದರು.

ಯಾರೂ ಮಾತಾಡಲಿಲ್ಲ. ಯಾಕೆಂದರೆ ನಮ್ಮ ಕೂಡುಮನೆಯಲ್ಲಿ ಆಗ ಹನ್ನೊಂದು ಮತ ಇತ್ತು, ಮೇ 16ರಂದು ಬಿದ್ದದ್ದು ಏಳು. ಆ ನಾಲ್ಕು ಒಂದೇ ಕಡೆಗೆ ಬೀಳುತ್ತಿತ್ತು ಎಂದು ನಾನು ಹೇಳುವುದಿಲ್ಲ, ನಮ್ಮದು ಒಂದೇ ಚಾವಡಿಯಲ್ಲಿ ಮೂರು ಪಕ್ಷ ಇರುವ ಮನೆ. ಆದರೆ ನಾಲ್ಕು ಹೋದದ್ದು ನಾಲ್ಕು ಸಣ್ಣ ಸಣ್ಣ ಕಾರಣಕ್ಕೆ, ಒಂದೂ ದೊಡ್ಡ ಕಾರಣ ಅಲ್ಲ. ಒಬ್ಬರ ಹೆಸರು ಗಡಿಯ ಆಚೆ ಇತ್ತು. ಒಬ್ಬರು ಬಸ್ಸಿನಲ್ಲಿ ಸಿಕ್ಕಿಕೊಂಡರು. ಒಬ್ಬರಿಗೆ ಗುಡ್ಡ ಹತ್ತಲು ಆಗಲಿಲ್ಲ. ನಾಲ್ಕನೆಯದು ನನ್ನದು, ಅದನ್ನು ಕೊನೆಗೆ ಹೇಳುತ್ತೇನೆ, ಅದು ಸ್ವಲ್ಪ ನಾಚಿಕೆಯ ಕಥೆ.

ಮೊನ್ನೆ ಊರಿನ ಹುಡುಗರಿಬ್ಬರು ಮೊದಲ ಸಲ ವೋಟು ಹಾಕುವವರು, "ಎಂತೆಲ್ಲ ಮಾಡ್ಬೇಕು ಅಣ್ಣಾ" ಎಂದು ಕೇಳಿದರು. ಯಂತ್ರದ ಬಟನ್ ಒತ್ತುವುದು ಯಾರಿಗೂ ಹೇಳಿಕೊಡಬೇಕಿಲ್ಲ ಮಾರಾಯ್ರೆ, ಅದು ಹತ್ತು ಸೆಕೆಂಡಿನ ಕೆಲಸ. ನಮ್ಮ ಕಾಸರಗೋಡಿನ ಕಡೆ ಮತ ಕಳೆದುಹೋಗುವುದು ಬೂತಿಗೆ ಹೋಗುವ ಮೊದಲೇ. ಹಾಗಾಗಿ ಇಲ್ಲಿ ಜಾಸ್ತಿ ಬರೆದದ್ದು ಅದರ ಬಗ್ಗೆಯೇ.

ಹೆಸರು ಎಲ್ಲಿದೆ ಎಂದು ಮೊದಲು ಹುಡುಕಿ

ಗುರುತಿನ ಚೀಟಿ ಕೈಯಲ್ಲಿದೆ ಎಂದರೆ ವೋಟು ಇದೆ ಎಂದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನಕ್ಕೆ ತಲೆಗೆ ಹೋಗುವುದಿಲ್ಲ. ಚೀಟಿ ಬೇರೆ, ಪಟ್ಟಿ ಬೇರೆ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಪೋಸ್ಟಾಫೀಸಿನ ಪಾಸ್‌ಬುಕ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಹೀಗೆ ಯಾವುದಾದರೂ ಒಂದು ತೋರಿಸಿ ಮತ ಹಾಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಇದೆಲ್ಲವನ್ನೂ ಒಟ್ಟಿಗೆ ತೋರಿಸಿದರೂ ಪ್ರಯೋಜನ ಇಲ್ಲ. ಹಾಗೆಯೇ ಮನೆಗೆ ತಂದುಕೊಡುವ ವೋಟರ್ ಸ್ಲಿಪ್ ಬರೀ ಮಾಹಿತಿಗೆ. 2019ರಿಂದ ಅದೊಂದನ್ನೇ ಗುರುತು ಎಂದು ಒಪ್ಪುವುದಿಲ್ಲ.

ಹುಡುಕುವುದು ಸುಲಭ. ಚುನಾವಣಾ ಆಯೋಗದ ಮತದಾರರ ವೆಬ್‌ಸೈಟಿನಲ್ಲಿ ಚೀಟಿಯ ನಂಬರ್ ಹಾಕಿದರೆ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಬೂತ್ ಎಲ್ಲ ಬರುತ್ತದೆ. ಫೋನಿನಲ್ಲಿ ಕೇಳುವುದಾದರೆ 1950. ಇದೆರಡೂ ಬೇಡ ಎಂದರೆ ಬಿಎಲ್‌ಓ, ಅಂದರೆ ನಿಮ್ಮ ಬೂತಿನ ಪಟ್ಟಿ ನೋಡಿಕೊಳ್ಳುವವರ ಹತ್ತಿರ ಹೋಗಿ. ನಮ್ಮಲ್ಲಿ ಅಂಗನವಾಡಿ ಟೀಚರೇ ಬಿಎಲ್‌ಓ, ಯಾರ ಮನೆಯಲ್ಲಿ ಯಾರಿದ್ದಾರೆ, ಯಾರು ದುಬೈಯಲ್ಲಿದ್ದಾರೆ ಎಂಬುದು ಆಯೋಗಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತು.

ನಂಬರ್ ಹಾಕದೆ ಹೆಸರು ಹಾಕಿ ಹುಡುಕಿದರೆ ನಮ್ಮವರಿಗೆ ಒಂದು ತಲೆನೋವು ಇದೆ. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮಲಯಾಳಕ್ಕೆ ಹೋಗಿ, ತಿರುಗಿ ಕನ್ನಡಕ್ಕೆ ಬರುವಾಗ ಅದನ್ನು ಹೆತ್ತವರಿಗೂ ಗುರುತು ಸಿಗುವುದಿಲ್ಲ. ಶೋಭಾ ಹೋಗಿ ಷೋಬ ಆಗಿರುತ್ತದೆ. ನಮ್ಮ ದೊಡ್ಡಪ್ಪನ ಮನೆ ಹೆಸರಿನ ಕಜೆ ಎಂಬುದು ಕಾಜಿ ಆಗಿ ಎರಡು ಚುನಾವಣೆ ಕಳೆಯಿತು. ಕೇರಳದ ಪಟ್ಟಿಯಲ್ಲಿ ಮನೆ ಹೆಸರಿಗೆ ತುಂಬ ಮರ್ಯಾದೆ, ಬೆಂಗಳೂರಿನ ಹಾಗೆ ಕ್ರಾಸು ಮೇನು ಅಲ್ಲ, ಆದ್ದರಿಂದ ಹೆಸರು ಸಿಗದಿದ್ದರೆ ಒಂದೇ ಸ್ಪೆಲ್ಲಿಂಗಿಗೆ ಅಂಟಿಕೊಳ್ಳದೆ ಮೂರ್ನಾಲ್ಕು ಥರ ಹಾಕಿ ನೋಡಿ, ಅದೂ ಆಗದಿದ್ದರೆ ನಿಮ್ಮ ಬೂತಿನ ಇಡೀ ಪಟ್ಟಿಯನ್ನೇ ಇಳಿಸಿಕೊಂಡು ಮನೆ ಹೆಸರು ಹಿಡಿದು ಕೆಳಗಿಳಿಯುತ್ತ ಹೋಗಿ, ಅಕ್ಕಪಕ್ಕದ ಮನೆಯವರ ಹೆಸರು ಕಂಡರೆ ನಿಮ್ಮದು ಅಲ್ಲೇ ಎಲ್ಲೋ ಇರುತ್ತದೆ.

ಅಕ್ಷರ ತಪ್ಪಿದೆ ಎಂದು ಹೆದರಬೇಡಿ. ಫೋಟೋ ಮತ್ತು ಉಳಿದ ವಿವರದಿಂದ ಆಳು ನೀವೇ ಎಂದು ಗೊತ್ತಾದರೆ ಸಣ್ಣ ತಪ್ಪಿಗಾಗಿ ಮತ ನಿರಾಕರಿಸುವ ಹಾಗಿಲ್ಲ. ಆದರೆ ಬಿಡುವು ಇದ್ದಾಗ ಫಾರ್ಮ್ 8 ಹಾಕಿ ಸರಿಮಾಡಿಸಿ. ಹೊಸಬರಿಗೆ ಫಾರ್ಮ್ 6. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ 1ನೇ ತಾರೀಕು ಲೆಕ್ಕಕ್ಕೆ ಬರುತ್ತದೆ. ಗಲ್ಫಿನಲ್ಲಿರುವವರಿಗೆ ಫಾರ್ಮ್ 6ಎ, ಅವರು ಮತದ ದಿನ ಅಸಲು ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬರಬೇಕು.

ಇದಕ್ಕೆಲ್ಲ ಒಂದು ಗಡುವು ಇದೆ. ನಾಮಪತ್ರ ಕೊಡುವ ಕೊನೆಯ ದಿನ ಮುಗಿದ ಮೇಲೆ ಪಟ್ಟಿಯಲ್ಲಿ ಒಂದು ಹೆಸರನ್ನೂ ಸೇರಿಸುವ ಹಾಗಿಲ್ಲ, ತೆಗೆಯುವ ಹಾಗೂ ಇಲ್ಲ. ಅರ್ಜಿ ವಿಚಾರಣೆಗೂ ದಿನ ಬೇಕು. ಆದ್ದರಿಂದ ಆ ದಿನಕ್ಕಿಂತ ಹತ್ತು ದಿನ ಮೊದಲೇ ಕೊಟ್ಟುಬಿಡಿ. ಪೋಸ್ಟರ್ ಅಂಟಿಸಿದ್ದು ಕಂಡ ಮೇಲೆ ಪಟ್ಟಿ ನೆನಪಾಗುವವರಿಗೆ ಆಗಲೇ ತಡವಾಗಿರುತ್ತದೆ.

ಚಿಕ್ಕಮ್ಮನ ವೋಟು: ಗಡಿ ದಾಟಿ ಬಂದವರು

ನಮ್ಮ ಕಡೆ ಹೆಣ್ಣು ಕೊಡುವುದು ತರುವುದೆಲ್ಲ ಗಡಿ ನೋಡಿ ಅಲ್ಲ. ಪುತ್ತೂರು, ಸುಳ್ಯ, ವಿಟ್ಲದಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಸಂಬಂಧಕ್ಕೆ ಗಡಿ ಇಲ್ಲ, ಮತದಾರರ ಪಟ್ಟಿಗೆ ಇದೆ. ಚಿಕ್ಕಮ್ಮ ಪುತ್ತೂರಿನ ಕಡೆಯವರು. ಮದುವೆಯಾಗಿ ಪೆರ್ಲದ ಒಳಗೆ ನಮ್ಮ ಮನೆಗೆ ಬಂದು 2016ಕ್ಕೆ ಹದಿನಾಲ್ಕು ವರ್ಷ ಆಗಿತ್ತು. ರೇಷನ್ ಕಾರ್ಡ್ ಇಲ್ಲಿ, ಬ್ಯಾಂಕ್ ಇಲ್ಲಿ, ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀ ಇಲ್ಲಿ. ವೋಟು ಮಾತ್ರ ತವರಿನಲ್ಲಿ. ಕೇಳಿದರೆ "ಮಾಡಿಸುವ, ಮಾಡಿಸುವ" ಎನ್ನುತ್ತಿದ್ದರು. ಮನೆಯ ಹನ್ನೊಂದು ಮತದ ಲೆಕ್ಕದಲ್ಲಿ ಅಜ್ಜಿ ಆಕೆಯನ್ನೂ ಸೇರಿಸಿದ್ದರು ಅಷ್ಟೆ. ಕಾನೂನಿನ ಪ್ರಕಾರ ಅದು ನಮ್ಮ ಕ್ಷೇತ್ರದ ಮತವೇ ಅಲ್ಲ.

ಈಗ ಇದು ಆಗಿನಷ್ಟು ಗೋಜಲಿಲ್ಲ. 2022ರ ನಂತರ ಮನೆ ಬದಲಾದವರಿಗೆಲ್ಲ ಫಾರ್ಮ್ 8 ಒಂದೇ ಸಾಕು, ಪಕ್ಕದ ವಾರ್ಡಿಗೆ ಹೋದರೂ ಅಷ್ಟೇ, ರಾಜ್ಯ ದಾಟಿದರೂ ಅಷ್ಟೇ. ಹಳೆಯ ಚೀಟಿಯ ನಂಬರ್, ಹೊಸ ವಿಳಾಸಕ್ಕೆ ಒಂದು ದಾಖಲೆ ಬೇಕು. ಹೊಸ ಮತದಾರರು ಎಂದು ಸುಳ್ಳು ಹೇಳಿ ಫಾರ್ಮ್ 6 ಹಾಕಬೇಡಿ. ಕೆಲವರು ಹಾಗೆ ಮಾಡಿ ಎರಡೂ ಕಡೆ ಹೆಸರು ಇಟ್ಟುಕೊಂಡು "ನನ್ನದು ಎರಡು ವೋಟು" ಎಂದು ಮೀಸೆ ತಿರುವುತ್ತಾರೆ. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಕೂಡ ಆಗಬಹುದು. ಹಾಸ್ಟೆಲಿನಲ್ಲಿ ಓದುವ ಮಕ್ಕಳು ಊರಲ್ಲೋ ಹಾಸ್ಟೆಲ್ ಇರುವ ಕಡೆಯೋ ಒಂದು ಕಡೆ ಆರಿಸಿಕೊಳ್ಳಬಹುದು. ಒಂದೇ ಕಡೆ.

ಅಣ್ಣನ ವೋಟು: ತಲಪಾಡಿಯಲ್ಲಿ ಕಳೆದದ್ದು

ದೊಡ್ಡಪ್ಪನ ಮಗ ಮಂಗಳೂರಿನಲ್ಲಿ ಕೆಲಸಕ್ಕಿದ್ದ. ಕೇರಳದಲ್ಲಿ ಮತದಾನ ಎಂದರೆ ಮಂಗಳೂರಿನಲ್ಲಿ ಮಾಮೂಲಿ ಸೋಮವಾರ. ಮಧ್ಯಾಹ್ನದ ಮೇಲೆ ಹೊರಡುತ್ತೇನೆ, ಒಂದೂವರೆ ಗಂಟೆಯ ದಾರಿ ತಾನೇ ಎಂದುಕೊಂಡ. ಮೂರು ಗಂಟೆಗೆ ಹೊರಟ, ಸಿಟಿ ಬಸ್ಸಿನಲ್ಲಿ ಗಡಿಯ ತಲಪಾಡಿಗೆ ಬಂದ, ಅಲ್ಲಿಂದ ಈಚೆಯ ಬಸ್ಸಿಗೆ ಕಾದ, ಅದು ತುಂಬಿ ಬಂತು, ಇನ್ನೊಂದಕ್ಕೆ ಕಾದ, ಪೆರ್ಲದ ಕಡೆಗೆ ಬಸ್ಸು ಬದಲಿಸುವಾಗ ಮಳೆ. ಶಾಲೆಯ ಗೇಟಿಗೆ ಬರುವಾಗ ಆರು ಗಂಟೆ ಹತ್ತು ನಿಮಿಷ. ಗೇಟು ಹಾಕಿತ್ತು.

ಆರಕ್ಕೆ ಮುಗಿಯುವುದು ಎಂದರೆ ಆರಕ್ಕೆ ಸಾಲಿನಲ್ಲಿ ಇರಬೇಕು ಎಂದು ಅರ್ಥ. ಸಮಯ ಮುಗಿಯುವಾಗ ಸಾಲಿನಲ್ಲಿರುವವರಿಗೆಲ್ಲ ಕೊನೆಯವರಿಂದ ಶುರು ಮಾಡಿ ನಂಬರ್ ಬರೆದ ಚೀಟಿ ಕೊಡುತ್ತಾರೆ, ಹಾಗೆ ಮಾಡಿದರೆ ಹಿಂದಿನಿಂದ ಬಂದು ಸೇರಲು ಆಗುವುದಿಲ್ಲ. ಚೀಟಿ ಸಿಕ್ಕವರು ರಾತ್ರಿ ಒಂಬತ್ತಾದರೂ ಹಾಕಬಹುದು. ಒಂದು ನಿಮಿಷ ತಡವಾಗಿ ಬಂದವರು ಶಾಲೆಯ ಗೋಡೆ ನೋಡಿ ಹೋಗಬೇಕು.

ಹೊರಗೆ ಕೆಲಸದಲ್ಲಿರುವವರಿಗೆ ನನ್ನ ಸಲಹೆ ಇಷ್ಟೆ. ಹಿಂದಿನ ರಾತ್ರಿಯೇ ಊರಿಗೆ ಬನ್ನಿ. ಬೆಳಿಗ್ಗೆ ಏಳಕ್ಕೆ ಹೋಗಿ, ಎಂಟೂವರೆಗೆ ಮುಗಿಸಿ, ಮಧ್ಯಾಹ್ನ ಬೇಕಾದರೆ ಮಂಗಳೂರಿಗೆ ಹೋಗಿ ಕೆಲಸ ಮಾಡಿ. ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನಲ್ಲಿ ಮತ ಇರುವ ಕೆಲಸಗಾರರಿಗೆ ಸಂಬಳ ಸಹಿತ ರಜೆ ಎಂದಿದೆ. ಆದರೆ ಆ ದಿನ ಬೆಳಿಗ್ಗೆ ಧಣಿಗೆ ಫೋನ್ ಮಾಡಿ ಕಲಮು ಓದಿ ಹೇಳಿದರೆ ಕೆಲಸ ಆಗುವುದಿಲ್ಲ, ಅಲ್ವಾ? ಒಂದು ವಾರ ಮೊದಲು ಬರೆದು ಕೊಡಿ. ಗಡಿಯ ಆಚೆಯ ಎಷ್ಟೋ ಕಚೇರಿಯವರಿಗೆ ನಮ್ಮ ಚುನಾವಣೆಯ ದಿನವೇ ಗೊತ್ತಿರುವುದಿಲ್ಲ. ಬೆಂಗಳೂರಿನಿಂದ ಬರುವವರು ಮತದಾನದ ದಿನ ಗೊತ್ತಾದ ಸಂಜೆಯೇ ಟಿಕೆಟ್ ಮಾಡಿ. ಆಮೇಲೆ ಬಸ್ಸಿನ ರೇಟು ಕೇಳುವ ಹಾಗಿರುವುದಿಲ್ಲ.

ಅಜ್ಜಿಯ ವೋಟು

ನಮ್ಮ ಮನೆ ಇರುವುದು ತೋಟದ ಕೆಳಗೆ. ರಸ್ತೆಗೆ ಬರಬೇಕಾದರೆ ಗುಡ್ಡ ಹತ್ತಬೇಕು. 2016ರಲ್ಲಿ ಅಜ್ಜಿಗೆ ಎಂಬತ್ತಾರು. ಬೆಳಿಗ್ಗೆ ಒಂದು ಪಕ್ಷದ ಜೀಪು ಬಂತು. ಅಜ್ಜಿ ಹೋಗಲಿಲ್ಲ. "ಅವರ ಜೀಪಿನಲ್ಲಿ ಹೋದ್ರೆ ಅವರಿಗೇ ಹಾಕ್ಬೇಕಾಗ್ತದೆ" ಎಂದರು. ಅಭ್ಯರ್ಥಿಯ ಕಡೆಯವರು ಮತದಾರರನ್ನು ವಾಹನದಲ್ಲಿ ಬೂತಿಗೆ ಸಾಗಿಸುವುದು ಕಾನೂನಿನಲ್ಲಿ ಅಪರಾಧವೇ. ಅಜ್ಜಿಗೆ ಕಾನೂನು ಗೊತ್ತಿರಲಿಲ್ಲ, ಮುಲಾಜು ಎಂದರೆ ಏನು ಎಂದು ಗೊತ್ತಿತ್ತು. ಸಂಜೆ ಬಿಸಿಲು ಇಳಿದ ಮೇಲೆ ನಮ್ಮದೇ ಆಟೋದಲ್ಲಿ ಕರೆದುಕೊಂಡು ಹೋಗುವ ಎಂದುಕೊಂಡೆವು. ಸಂಜೆ ಸುರಿದದ್ದು ಮಳೆ.

ಅಜ್ಜಿಗೆ ಇದು ಎರಡನೇ ಪೆಟ್ಟು. 1956ರ ನವೆಂಬರ್ 1ಕ್ಕೆ ಮದ್ರಾಸಿನ ದಕ್ಷಿಣ ಕನ್ನಡದಿಂದ ನಮ್ಮನ್ನು ತೆಗೆದು ಕೇರಳಕ್ಕೆ ಸೇರಿಸಿದರಲ್ಲ, ಆಮೇಲೆ 1957ರಲ್ಲಿ ಕೇರಳದ ಮೊದಲ ವಿಧಾನಸಭೆ ಚುನಾವಣೆ. ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ಮುಖ್ಯಮಂತ್ರಿಯಾದ, ದೇಶವೇ ತಿರುಗಿ ನೋಡಿದ ಚುನಾವಣೆ. ಮಂಜೇಶ್ವರದಲ್ಲಿ ಮಾತ್ರ ವಿಧಾನಸಭೆಗೆ ಮತದಾನವೇ ಇರಲಿಲ್ಲ! ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾಗಿದ್ದರು. ಆಗ ಅಜ್ಜಿಗೆ ಇಪ್ಪತ್ತೇಳು. ಚರಿತ್ರೆಯ ಚುನಾವಣೆ ಬಂದಾಗಲೆಲ್ಲ ತನ್ನ ಬೆರಳು ಖಾಲಿ ಎಂದು ಹೇಳಿ ನಗುತ್ತಿದ್ದರು.

ಈಗ 85 ದಾಟಿದವರಿಗೆ ಮತ್ತು ಶೇಕಡಾ 40ಕ್ಕಿಂತ ಕಡಿಮೆ ಇಲ್ಲದ ಅಂಗವಿಕಲತೆ ಇರುವವರಿಗೆ ಮನೆಯಲ್ಲೇ ಮತ ಹಾಕುವ ವ್ಯವಸ್ಥೆ ಇದೆ. ಇದಕ್ಕೆ ಫಾರ್ಮ್ 12ಡಿ. ಬಿಎಲ್‌ಓ ಮನೆಗೇ ತಂದುಕೊಡುತ್ತಾರೆ. ಇಲ್ಲಿ ಸಿಕ್ಕಿಬೀಳುವುದು ದಿನದಲ್ಲಿ. ಚುನಾವಣೆಯ ಅಧಿಸೂಚನೆ ಬಂದ ಐದು ದಿನದೊಳಗೆ ತುಂಬಿಸಿ ಕೊಡಬೇಕು. 2021ರಲ್ಲಿ 80 ದಾಟಿದವರಿಗೇ ಇದು ಇತ್ತು. ಆ ಐದು ದಿನ ನಾವು ಅಡಿಕೆ ಸುಲಿಯುವುದರಲ್ಲಿ ಮುಳುಗಿದ್ದೆವು. ಮತ್ತೆ ಹೋಯಿತು. 2024ರ ಲೋಕಸಭೆಗೆ ಮರೆಯಲಿಲ್ಲ. ಮೊದಲೇ ತಿಳಿಸಿದ ದಿನಕ್ಕೆ ಅಧಿಕಾರಿಗಳು, ಪೊಲೀಸರು, ವೀಡಿಯೋ ತೆಗೆಯುವವರು, ಎಲ್ಲ ಗುಡ್ಡ ಇಳಿದು ಬಂದರು. ಅಜ್ಜಿ ಮೊದಲು ಎಲ್ಲರಿಗೂ ಬೆಲ್ಲ ನೀರು ಕೊಡಿಸಿದರು. ಇದು ಯಂತ್ರವಲ್ಲ, ಕಾಗದದ ಮತಪತ್ರ. ಗುಟ್ಟಾಗಿ ಗುರುತು ಹಾಕಿ ಲಕೋಟೆಯಲ್ಲಿ ಇಡುವುದು, ನಾವು ಯಾರೂ ಹತ್ತಿರ ಸುಳಿಯುವ ಹಾಗಿಲ್ಲ. ಒಮ್ಮೆ 12ಡಿ ಒಪ್ಪಿದರೆ ಆಮೇಲೆ ಮನಸ್ಸು ಬದಲಿಸಿ ಬೂತಿಗೆ ಹೋಗಲು ಬರುವುದಿಲ್ಲ, ಇದನ್ನು ಹಿರಿಯರಿಗೆ ಮೊದಲೇ ಹೇಳಿ. ಕೆಲವರಿಗೆ ಸಾಲಿನಲ್ಲಿ ನಿಂತು ನಾಲ್ಕು ಜನರನ್ನು ಮಾತಾಡಿಸುವುದೇ ಮತದಾನ.

ಬೂತಿಗೇ ಬರುವ, ಕಣ್ಣು ಕಾಣದ ಅಥವಾ ಕೈ ನಡುಗುವ ಹಿರಿಯರ ಜೊತೆ ಒಬ್ಬರು ಒಳಗೆ ಹೋಗಬಹುದು. ಅವರಿಗೆ ಹದಿನೆಂಟು ತುಂಬಿರಬೇಕು. ಆ ದಿನ ಒಬ್ಬರು ಒಬ್ಬರಿಗೆ ಮಾತ್ರ ಜೊತೆಗಾರರು. ಊರಿನ ಅಜ್ಜಂದಿರನ್ನೆಲ್ಲ ಒಬ್ಬನೇ ಹೊತ್ತೊಯ್ಯುವುದು ಆಗುವುದಿಲ್ಲ.

ಬೂತಿನ ಒಳಗೆ

ಹಳೆಯ ಬೂತೇ ಇರುತ್ತದೆ ಎಂದು ನಂಬಬೇಡಿ. ಒಂದು ಬೂತಿಗೆ ಇಷ್ಟೇ ಮತದಾರರು ಎಂಬ ಮಿತಿಯನ್ನು 2025ರಲ್ಲಿ 1,500ರಿಂದ 1,200ಕ್ಕೆ ಇಳಿಸಿದ್ದಾರೆ, ಹಾಗಾಗಿ ಬೂತುಗಳು ಒಡೆಯುತ್ತವೆ. ಶಾಲೆ ಅದೇ ಇದ್ದರೂ ಕೋಣೆ ಬೇರೆ ಇರಬಹುದು. ಸಾಲಿನಲ್ಲಿ ನಿಲ್ಲುವ ಮೊದಲು ಬಾಗಿಲಿನಲ್ಲಿ ಅಂಟಿಸಿದ ಭಾಗ ಸಂಖ್ಯೆ ನೋಡಿ. ಮೊಬೈಲ್ ಮನೆಯಲ್ಲೇ ಬಿಡಿ, ಇಲ್ಲದಿದ್ದರೆ ಆಫ್ ಮಾಡಿ ಹೊರಗೆ ಇಡುವ ವ್ಯವಸ್ಥೆಯಲ್ಲಿ ಕೊಡಿ.

ಡ್ಯೂಟಿಗೆ ಬರುವವರು ಹೆಚ್ಚಾಗಿ ದಕ್ಷಿಣದ ಕಡೆಯವರು, ಎಲ್ಲರಿಗೂ ಕನ್ನಡ ಬರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಮಲಯಾಳ ತಿಳಿಯುತ್ತದೆ, ಆದರೂ ಕನ್ನಡ ಮೀಡಿಯಂ ಓದಿದ ಹಿರಿಯರಿಗೆ ನಾಲ್ಕು ಪದ ಹೇಳಿಕೊಡಿ. ಪೇರ್ ಎಂದರೆ ಹೆಸರು, ಕ್ರಮನಂಬರ್ ಎಂದರೆ ಕ್ರಮ ಸಂಖ್ಯೆ, ವಿರಲ್ ಎಂದರೆ ಬೆರಳು, ಇಡದು ಎಂದರೆ ಎಡ. ಒಪ್ಪು ಎಂದರೆ ಸಹಿ! ಈ ಒಂದು ಪದದಿಂದ ಆದ ತಮಾಷೆ ಒಂದೆರಡಲ್ಲ. "ಒಪ್ಪಿಡಿ" ಎಂದು ಆಫೀಸರ್ ರಿಜಿಸ್ಟರ್ ಮುಂದೆ ಚಾಚಿದರೆ, ನಮ್ಮ ಪಕ್ಕದ ಮನೆಯ ಅಜ್ಜ "ನಾನು ಎಂತಕ್ಕೆ ಒಪ್ಪಬೇಕು, ಮೊದಲು ಹೇಳಿ" ಎಂದು ಜಗಳಕ್ಕೆ ನಿಂತಿದ್ದರು.

ಒಳಗೆ ನಡೆಯುವುದು ಹೀಗೆ. ಮೊದಲ ಅಧಿಕಾರಿ ನಿಮ್ಮ ಗುರುತು ನೋಡಿ, ಹೆಸರು ಮತ್ತು ಕ್ರಮ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾರೆ. ಪಕ್ಷದ ಏಜೆಂಟರು ತಮ್ಮ ಪಟ್ಟಿಯಲ್ಲಿ ಗೀಟು ಹಾಕಿಕೊಳ್ಳುತ್ತಾರೆ. ಈ ಹೊತ್ತಿನಲ್ಲಿ ನೀವು ಕಿವಿ ತೆರೆದಿಡಿ, ಯಾಕೆಂದು ಆಮೇಲೆ ಹೇಳುತ್ತೇನೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಒಂದು ಚೀಟಿ ಕೊಡುತ್ತಾರೆ. ಶಾಯಿ ನಮ್ಮ ಮೈಸೂರಿನದು, ಅಲ್ಲಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿಯದು, 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಅದೇ. ಕೇರಳದ ಬೂತಿನಲ್ಲಿ ಮಲಯಾಳಿ ಆಫೀಸರ್ ನನ್ನ ಬೆರಳಿಗೆ ಮೈಸೂರಿನ ಶಾಯಿ ಹಚ್ಚುವಾಗ ನನಗೆ ಪ್ರತಿ ಸಲ ಸಣ್ಣ ಖುಷಿ. ಅಡಿಕೆ ಸುಲಿಯುವವರ ಬೆರಳಲ್ಲಿ ಮೊದಲೇ ಕಪ್ಪು ಕಲೆ ಇರುತ್ತದೆ, "ಇದೇನು" ಎಂದು ಕೇಳಿದರೆ ಗಾಬರಿಯಾಗಬೇಡಿ, ಅಡಿಕೆ ಎಂದು ಹೇಳಿ. ಎಣ್ಣೆ ಕೈಯಲ್ಲಿ ಹೋಗಬೇಡಿ, ಒರೆಸಿಯೇ ಹಚ್ಚುತ್ತಾರೆ.

ಮೂರನೆಯವರು ಚೀಟಿ ತೆಗೆದುಕೊಂಡು ತಮ್ಮ ಮುಂದಿರುವ ಯಂತ್ರದ ಬಟನ್ ಒತ್ತುತ್ತಾರೆ. ಮರೆಯ ಹಿಂದೆ ಹೋಗಿ, ಹಸಿರು ದೀಪ ಉರಿಯುತ್ತಿದೆಯಾ ನೋಡಿ, ನಿಮ್ಮ ಅಭ್ಯರ್ಥಿಯ ಮುಂದಿನ ನೀಲಿ ಬಟನ್ ಒತ್ತಿ. ಕೆಂಪು ದೀಪ ಬರುತ್ತದೆ. ಪಕ್ಕದ ವಿವಿಪ್ಯಾಟ್ ಗಾಜಿನೊಳಗೆ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ಕ್ರಮ ಸಂಖ್ಯೆ, ಹೆಸರು, ಚಿಹ್ನೆ. ಅದನ್ನು ನೋಡಿ. ಕೀಂ ಎಂದು ಶಬ್ದ ಕೇಳಿದ ಮೇಲೆಯೇ ಹೊರಗೆ ಬನ್ನಿ.

ಅಭ್ಯರ್ಥಿಯ ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಮಂಜೇಶ್ವರ ಮತ್ತು ಕಾಸರಗೋಡು ಕ್ಷೇತ್ರಗಳಲ್ಲಿ ಹೆಸರು ಕನ್ನಡದಲ್ಲೂ ಇರುತ್ತದೆ. ಆದರೆ ಮಾನ್ಯತೆ ಪಡೆದ ಪಕ್ಷದವರು ಮೇಲೆ, ಬೇರೆ ಪಕ್ಷದವರು ಆಮೇಲೆ, ಪಕ್ಷೇತರರು ಕೊನೆಗೆ. ಒಂದೇ ಥರದ ಹೆಸರಿನ ಇಬ್ಬರು ಮೂವರು ನಿಲ್ಲುವುದು ಮಾಮೂಲು. ಬರೀ ಹೆಸರು ಓದಿ ಒತ್ತಬೇಡಿ, ಫೋಟೋ ಮತ್ತು ಚಿಹ್ನೆ ನೋಡಿ. ಇನ್ನೊಂದು, ಕೇರಳದಲ್ಲಿ ಕೂಟದ ರಾಜಕೀಯ. ಕಾಂಗ್ರೆಸ್ ಮುಂದಾಳಾಗಿರುವ ಯುಡಿಎಫ್ ಕೂಟದಲ್ಲಿ ಮಂಜೇಶ್ವರದ ಸೀಟು ಲೀಗಿನದು, ಚಿಹ್ನೆ ಏಣಿ. ಕೈ ಗುರುತು ಹುಡುಕಿ ಸಿಗದೆ ಹೊರಗೆ ಬಂದು "ಕೈ ಇಲ್ವಲ್ಲಾ" ಎಂದು ಕೇಳಿದವರು ನಮ್ಮೂರಲ್ಲೇ ಇದ್ದಾರೆ. ಎಲ್ಲ ಕೂಟದವರಿಗೂ ಇದು ಅನ್ವಯ, ನಿಮ್ಮ ಕಡೆಯವರ ಚಿಹ್ನೆ ಈ ಸಲ ಯಾವುದು ಎಂದು ಮನೆಯಲ್ಲೇ ನೋಡಿಕೊಂಡು ಹೊರಡಿ.

ನನ್ನ ವೋಟು

ಈಗ ನನ್ನ ಕಥೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಸ್ನಾನ ಮಾಡಿ, ಒಂಬತ್ತೂವರೆಗೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಅಧಿಕಾರಿ ಪಟ್ಟಿ ನೋಡಿ, ಮತ್ತೆ ನೋಡಿ, "ಇದು ಆಗಿದೆ" ಎಂದರು. ನನ್ನ ಸಾಲಿಗೆ ಗೀಟು ಬಿದ್ದಿತ್ತು. ಯಾರೋ ಕಳ್ಳಮತ ಹಾಕಿದರು ಎಂದು ನಾನು ಹೇಳುತ್ತಿಲ್ಲ. ನಮ್ಮ ವಾರ್ಡಿನಲ್ಲಿ ನನ್ನದೇ ಹೆಸರಿನ ಇನ್ನೂ ಇಬ್ಬರಿದ್ದಾರೆ, ಒಬ್ಬರ ತಂದೆಯ ಹೆಸರೂ ನನ್ನಪ್ಪನದೇ. ಬೆಳಿಗ್ಗೆ ಗಡಿಬಿಡಿಯಲ್ಲಿ ಅವರಿಗೆ ಹಾಕಬೇಕಾದ ಗೀಟು ನನ್ನ ಸಾಲಿಗೆ ಬಿದ್ದಿರಬೇಕು. ಅವರ ಹೆಸರು ಓದುವಾಗ ಯಾರೂ ಕ್ರಮ ಸಂಖ್ಯೆ ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಕಿವಿ ತೆರೆದಿಡಿ ಎಂದದ್ದು.

ನಾನು ಎಂತ ಮಾಡಿದೆ? ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ನಾಚಿಕೆಯಾಯಿತು. ಸುಮ್ನೆ ಹೊರಗೆ ಬಂದು, ಶಾಲೆಯ ಎದುರಿನ ಗೂಡಂಗಡಿಯಲ್ಲಿ ಒಂದು ಸೋಡಾ ಕುಡಿದು ಮನೆಗೆ ಹೋದೆ. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಬಂದು ಸೋಡಾ ಕುಡಿದು ಹೋದದ್ದು.

ಹಾಗೆ ಬರಬಾರದಿತ್ತು. ನಿಮ್ಮ ಹೆಸರಲ್ಲಿ ಆಗಲೇ ಮತ ಬಿದ್ದಿದ್ದರೆ ಬೂತಿನ ಮುಖ್ಯ ಅಧಿಕಾರಿಯಾದ ಪ್ರಿಸೈಡಿಂಗ್ ಆಫೀಸರ್ ಹತ್ತಿರ ಹೋಗಿ "ಟೆಂಡರ್ಡ್ ವೋಟ್ ಕೊಡಿ" ಎಂದು ಕೇಳಿ. ಆ ಪದವನ್ನೇ ಹೇಳಿ. ಚುನಾವಣಾ ನಿಯಮಗಳ 49ಪಿ ಇದರದ್ದೇ. ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಟ್ಟು ನೀವು ನೀವೇ ಎಂದು ಖಚಿತವಾದರೆ, ಒಂದು ಪಟ್ಟಿಯಲ್ಲಿ ಸಹಿ ಹಾಕಿಸಿ, ಕಾಗದದ ಮತಪತ್ರ ಕೊಡುತ್ತಾರೆ. ಮರೆಗೆ ಹೋಗಿ ಮುದ್ರೆ ಒತ್ತಿ, ಮಡಚಿ ಅವರಿಗೇ ಕೊಡಬೇಕು. ಯಂತ್ರಕ್ಕೆ ಅದು ಹೋಗುವುದಿಲ್ಲ, ಬೇರೆ ಲಕೋಟೆಗೆ ಹೋಗುತ್ತದೆ. ಎಣಿಕೆಯ ದಿನ ಅದನ್ನು ಎಣಿಸುವುದೂ ಇಲ್ಲ. ಹಾಗಾದರೆ ಎಂತಕ್ಕೆ ಎಂದು ಕೇಳಬಹುದು. ಫಲಿತಾಂಶ ಕೋರ್ಟಿಗೆ ಹೋದರೆ ಆ ಲಕೋಟೆಗೆ ಬೆಲೆ ಬರುತ್ತದೆ.

ನಮ್ಮದು ಕೋರ್ಟಿಗೆ ಹೋಯಿತಲ್ಲ! ತೀರಿಹೋದವರ, ವಿದೇಶದಲ್ಲಿ ಇದ್ದವರ ಹೆಸರಲ್ಲಿ ಮತ ಬಿದ್ದಿದೆ ಎಂದು ಸೋತವರು ಕೇರಳ ಹೈಕೋರ್ಟಿಗೆ ಅರ್ಜಿ ಹಾಕಿದರು. ಕೇಸು ತೀರ್ಪಿಗೆ ಬರುವ ಮೊದಲೇ, 2018ರ ಅಕ್ಟೋಬರಿನಲ್ಲಿ ಶಾಸಕರು ತೀರಿಕೊಂಡರು. ಆಮೇಲೆ ಅರ್ಜಿ ಹಿಂದೆ ತೆಗೆದರು. 2019ರ ಅಕ್ಟೋಬರ್ 21ಕ್ಕೆ ಉಪಚುನಾವಣೆ ಆಗಿ, ಲೀಗಿನ ಎಂ.ಸಿ. ಕಮರುದ್ದೀನ್ 7,923 ಮತದಿಂದ ಗೆದ್ದರು. 2021ರಲ್ಲಿ ಮತ್ತೆ ಹತ್ತಿರ, ಎ.ಕೆ.ಎಂ. ಅಶ್ರಫ್ ಗೆದ್ದದ್ದು 745ರಿಂದ. ಇಂಥ ಕ್ಷೇತ್ರದಲ್ಲಿ ಲಕೋಟೆಯೊಳಗಿನ ಒಂದು ಕಾಗದಕ್ಕೆ ಎಷ್ಟು ಬೆಲೆ ಎಂದು ನನಗೆ ಗೊತ್ತಾದದ್ದು ಸೋಡಾ ಕುಡಿದು ಮೂರು ದಿನದ ಮೇಲೆ.

ಇದರ ಉಲ್ಟಾ ಕೂಡ ಆಗಬಹುದು. ನೀವು ನೀವಲ್ಲ ಎಂದು ಏಜೆಂಟ್ ತಕರಾರು ಎತ್ತಬಹುದು. ಅವರು ಎರಡು ರೂಪಾಯಿ ಕಟ್ಟಬೇಕು, ಅಧಿಕಾರಿ ವಿಚಾರಣೆ ಮಾಡುತ್ತಾರೆ. ಗುರುತಿನ ಚೀಟಿ ಕೈಯಲ್ಲಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತದೆ, ಸಿಟ್ಟು ಮಾಡಬೇಡಿ.

ಪಂಚಾಯತಿಗೆ ಪಟ್ಟಿಯೇ ಬೇರೆ

ಇದು ತುಂಬ ಜನಕ್ಕೆ ಗೊತ್ತಿಲ್ಲ. ಪಂಚಾಯತ್ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದರ ಮತದಾರರ ಪಟ್ಟಿ ಬೇರೆ. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದು ಪಂಚಾಯತಿನಲ್ಲಿ ಇಲ್ಲದಿರಬಹುದು. 2025ರ ಡಿಸೆಂಬರ್ 11ರಂದು ನಮ್ಮ ಜಿಲ್ಲೆಯಲ್ಲಿ ಮತದಾನ ಆದಾಗ ಹೀಗೆ ವಾಪಸ್ ಹೋದವರನ್ನು ನಾನೇ ನೋಡಿದೆ. ಎರಡನ್ನೂ ಬೇರೆ ಬೇರೆ ನೋಡಿಕೊಳ್ಳಿ. ಅಲ್ಲಿ ಮೂರು ಮತ, ಗ್ರಾಮಕ್ಕೆ ಬಿಳಿ, ಬ್ಲಾಕಿಗೆ ಗುಲಾಬಿ, ಜಿಲ್ಲೆಗೆ ನೀಲಿ. ಮೂರೂ ಒತ್ತಿದ ಮೇಲೆ ಉದ್ದದ ಶಬ್ದ. ಒಂದೆರಡೇ ಸಾಕು ಎನ್ನುವವರು ಕೊನೆಗೆ ಎಂಡ್ ಎಂಬ ಬಟನ್ ಒತ್ತಬೇಕು, ಇಲ್ಲದಿದ್ದರೆ ಯಂತ್ರ ಕಾಯುತ್ತಲೇ ಇರುತ್ತದೆ. ವಿವಿಪ್ಯಾಟ್, ನೋಟಾ ಎರಡೂ ಅಲ್ಲಿಲ್ಲ.

ಇಷ್ಟು ಬರೆದು ಮುಗಿಸುವಾಗ ಚಿಕ್ಕಮ್ಮ ಕಾಫಿ ತಂದಿಟ್ಟು ಏನು ಬರೆಯುತ್ತಿದ್ದೀ ಎಂದು ಇಣುಕಿದರು. ಆಕೆಯ ಫಾರ್ಮ್ 8 ಕೊನೆಗೂ ಪಾಸಾಗಿದೆ, ಹೆಸರು ಇಲ್ಲಿನ ಪಟ್ಟಿಗೆ ಬಂದಿದೆ, ಮನೆ ಹೆಸರು ಮಾತ್ರ ತಪ್ಪು ಬಿದ್ದಿದೆ, ಅದಕ್ಕೆ ಇನ್ನೊಂದು ಫಾರ್ಮ್ 8 ಹಾಕಿದ್ದೇವೆ. ಇಷ್ಟೂ ವರ್ಷ ಯಾಕೆ ಮಾಡಿಸಲಿಲ್ಲ ಎಂದು ಇವತ್ತು ಬಾಯಿಬಿಟ್ಟರು. ಐದು ವರ್ಷಕ್ಕೆ ಎರಡು ಸಲ ವೋಟಿನ ಹೆಸರಲ್ಲಿ ತವರಿಗೆ ಹೋಗಿ ಎರಡು ದಿನ ಇದ್ದು ಬರಬಹುದಿತ್ತಂತೆ, ಇನ್ನು ಯಾವ ನೆಪ ಹೇಳುವುದು ಎಂದು ಕೇಳುತ್ತಿದ್ದಾರೆ.